ಧೂಳಿಗೆ ನಿಲ್ಲಲು ಹೇಳಿದ ದೊರೆ

ಒಂದಾನೊಂದು ಊರಿನಲ್ಲಿ ಒಬ್ಬ ದೊರೆ ಇದ್ದ. ಊರಿಗೆ ಹೆಸರೂ ಇತ್ತು. ಆದರೆ ಊರ ಮುಂದಿನ ಅಗಸಿ ಬಾಗಿಲಿನ ಅಕ್ಷರಗಳ ಮೇಲೆ ಧೂಳು ಕೂತು ಯಾರಿಗೂ ಓದಲು ಬರುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಬರಿದೇ ಊರು ಎನ್ನುತ್ತಿದ್ದರು. ದೊರೆಯ ಹೆಸರು ಸಂಗಪ್ಪ. ಇದು ಅಳಿಸುವ ಕತೆ, ಈಗಲೇ ಹೇಳಿಬಿಡುತ್ತೇನೆ. ನಗು ಬಂದಲ್ಲಿ ನಗಿ, ನನ್ನದೇನೂ ಅಡ್ಡಿಯಿಲ್ಲ. ಆಮೇಲೆ ನನ್ನನ್ನು ಬೈಯಬೇಡಿ.

ಸಂಗಪ್ಪ ದೊರೆಗೆ ಒಬ್ಬಳೇ ಮಗಳು, ಚೆನ್ನಾಜಿ. ಒಂಬತ್ತು ವರ್ಷದವಳು. ಇಡೀ ದಿನ ಹಾಡುತ್ತಿದ್ದಳು. ಒಮ್ಮೆ ಊರಿಗೆ ಹಾಡು ಹಿಡಿಯುವವನೊಬ್ಬ ಬಂದ. ಮೀನು ಹಿಡಿಯುವವರು ಇರುವುದಿಲ್ಲವೇ, ಹಾಗೆ ಇವನು ಹಾಡು ಹಿಡಿಯುವವನು. ಚೆನ್ನಾಜಿ ಅವನ ಕೊಳವೆಗೆ ಬಾಯಿಟ್ಟು ಹಾಡಿದಳು. ಮೂರನೆಯ ಸಾಲು ಮರೆತುಹೋಗಿ "ತಡೀರಿ, ತಡೀರಿ" ಎಂದು ನಕ್ಕಳು. ಹಾಡೂ ನಗುವೂ ಸುತ್ತಿ ಸುತ್ತಿ ಹೋಗಿ ಒಂದು ಕರಿ ತಟ್ಟೆಯ ಮೇಲೆ ಕೂತವು. ತಟ್ಟೆಯನ್ನು ಗ್ರಾಮಫೋನಿಗೆ ಹಾಕಿ ಮುಳ್ಳು ಇಟ್ಟರೆ ಸಾಕು, ಎದ್ದು ಬರುತ್ತಿದ್ದವು.

ಆ ಮಳೆಗಾಲದಲ್ಲಿ ಚೆನ್ನಾಜಿಗೆ ಜ್ವರ ಬಂತು. ಹೋಗಿಬಿಟ್ಟಳು. ಅದನ್ನು ಇದಕ್ಕಿಂತ ಉದ್ದವಾಗಿ ಹೇಳಲು ನನ್ನಿಂದಾಗದು. ಅರಮನೆಯಲ್ಲಿ ಉಳಿದದ್ದು ದೊರೆ, ಗ್ರಾಮಫೋನು, ತಟ್ಟೆ, ಮತ್ತು ಧೂಳು ಒರೆಸುವ ತಿಪ್ಪವ್ವ. ಚೆನ್ನಾಜಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಈ ತಿಪ್ಪವ್ವನೇ.

ದೊರೆ ದಿನಕ್ಕೆ ಏಳು ಸಲ ತಟ್ಟೆ ಹಾಕುತ್ತಿದ್ದ. ಹಾಕುವ ಮೊದಲು ತಿಪ್ಪವ್ವ ಒರೆಸಬೇಕು. ಒರೆಸಿದ ಕೂಡಲೇ ಆಚೆ ಹೋಗಬೇಕು. ಅವಳ ಸೀರೆಯಲ್ಲಿ ಧೂಳಿರುತ್ತದೆ ಎಂದು ದೊರೆಯ ಗುಮಾನಿ. ಬಾಗಿಲು ಹಾಕಿಕೊಂಡು ಒಬ್ಬನೇ ಕೇಳುತ್ತಿದ್ದ. ಕೇಳಿ ಅಳುತ್ತಿದ್ದ. ಅತ್ತು ಮತ್ತೆ ಕೇಳುತ್ತಿದ್ದ.

ಒಂದು ದಿನ ಮಗಳ ದನಿ ಗೊರಗೊರ ಎಂದಿತು. ದೊರೆ ಎದೆ ಹಿಡಿದುಕೊಂಡ. ವೈದ್ಯನನ್ನು ಕರೆಸಿದ. ವೈದ್ಯ ತಟ್ಟೆಯ ನಾಡಿ ಹಿಡಿದು ನೋಡಿದ.

"ಗಂಟಲು ಕುಂತೈತ್ರಿ," ಎಂದ.

"ಯಾಕ ಕುಂತೈತಿ?" ಎಂದ ದೊರೆ.

ತಿಪ್ಪವ್ವ ಬೆರಳಿನಿಂದ ತಟ್ಟೆ ಸವರಿ ತೋರಿಸಿದಳು. "ಇಲ್ನೋಡ್ರಿ ಯಪ್ಪಾ, ಧೂಳು ಕುಂತೈತಿ. ಅದಕ್ಕ."

ದೊರೆ ಯೋಚನೆಗೆ ಬಿದ್ದ. ಧೂಳು ಕೂತಿದೆ, ಅದಕ್ಕೇ ಗಂಟಲು ಕೂತಿದೆ. ಧೂಳು ಯಾಕೆ ಕೂತಿದೆ? ಊರಿನವರು ಕೂರುವುದನ್ನು ನೋಡಿ ನೋಡಿ ಕಲಿತಿದೆ. ಅಲ್ಲವೇ ಮತ್ತೆ! ಧೂಳಿಗೆ ಕೂರುವುದನ್ನು ಬೇರೆ ಯಾರು ಹೇಳಿಕೊಡಬೇಕು?

ಅವತ್ತೇ ಡಂಗುರ ಹೊಡೆಸಿದ. "ಇವತ್ತಿನಿಂದ ಈ ಊರಾಗ ಯಾರೂ ಕುಂದ್ರಂಗಿಲ್ಲ! ಎಲ್ಲಾರೂ ನಿಲ್ಲಬೇಕು!"

ಜನ ನಿಂತರು. ನಿಂತೇ ಉಂಡರು, ನಿಂತೇ ರೊಟ್ಟಿ ಬಡಿದರು. ಎತ್ತರದವರ ಗಡ್ಡ ತೆಗೆಯಲು ಕ್ಷೌರಿಕ ಏಣಿ ಹತ್ತಿದ. ಕೋಳಿ ಕಾವಿಗೆ ಕೂರಲಿಲ್ಲ, ಮೊಟ್ಟೆಯ ಪಕ್ಕ ನಿಂತು ಅದನ್ನೇ ದಿಟ್ಟಿಸಿತು. ಮುದುಕಿಯರು ಗೋಡೆಗೆ ಒರಗಿಕೊಂಡರು. ಒರಗುವುದು ಕೂರುವುದರ ತಮ್ಮ ಎಂದು ದಿವಾನರು ಅದನ್ನೂ ಬಿಡಿಸಿದರು. ಬಾಣಂತಿಯರು ನಿಂತೇ ಹಾಲು ಕುಡಿಸಿದರು. ಸತ್ತವರ ಮನೆಗೆ ಹೋದವರು ನಿಂತೇ ಅತ್ತರು. ನಿಂತು ಅತ್ತರೆ ದುಃಖ ಇಳಿಯುವುದಿಲ್ಲ, ಕಾಲು ನೋಯುತ್ತದೆ ಅಷ್ಟೆ.

ಆದರೆ ನಿಲ್ಲುವುದು ಒಂದು ಅಂಟುಜಾಡ್ಯ. ನಿಲ್ಲಿ ಎಂದದ್ದೇ ತಡ, ಗಡಿಯಾರ ನಿಂತಿತು. ಗಾಣ ನಿಂತಿತು. ಮದುಮಕ್ಕಳು ಹಸೆಯ ಮೇಲೆ ಕೂರುವಂತಿಲ್ಲವಲ್ಲ, ಮದುವೆಗಳೂ ನಿಂತವು. ಕೊನೆಗೆ ಮಳೆಯೂ ನಿಂತಿತು. ಮಳೆ ನಿಂತರೆ ಏನಾಗುತ್ತದೆ? ಧೂಳು ಹೆಚ್ಚಾಗುತ್ತದೆ. ಆದರೆ ಪಾಪ, ಅದು ಅಪ್ಪಣೆ ಮೀರಲಿಲ್ಲ. ಗಾಳಿಯಲ್ಲೇ ನಿಂತಿತು. ಊರ ತುಂಬ, ಆಳೆತ್ತರ, ಅಲುಗದೆ ನಿಂತಿತು. ಗಂಡನಿಗೆ ಹೆಂಡತಿ ಕಾಣುತ್ತಿರಲಿಲ್ಲ. ನೀರಿಗೆ ಹೋಗುವವರು ಧೂಳಿನ ಹೆಗಲು ಮುಟ್ಟಿ, "ಸ್ವಲ್ಪ ದಾರಿ ಬಿಡಪಾ," ಎಂದು ಕೇಳಿಕೊಂಡು ಹೋಗುತ್ತಿದ್ದರು.

ಇಷ್ಟಾದರೂ ತಟ್ಟೆಯ ಮೇಲೆ ದಿನಾ ಒಂದು ಚಿಟಿಕೆ ಧೂಳು ಕೂತೇ ಇರುತ್ತಿತ್ತು. ಮಗಳ ದನಿ ಇನ್ನಷ್ಟು ಕೂತಿತು. ಮೊದಲ ಸಾಲು ಹೋಯಿತು. ಎರಡನೆಯ ಸಾಲು ಹೋಯಿತು. ಒಂದು ಬೆಳಿಗ್ಗೆ "ತಡೀರಿ" ಎಂಬುದೂ ಕೇಳಲಿಲ್ಲ. ನಗು ಮಾತ್ರ ಬಂತು, ಅದೂ ಕೆಮ್ಮಿನ ಹಾಗೆ. ಇನ್ನು ಅದೂ ಹೋದರೆ ದೊರೆಗೆ ಮಗಳು ಎಂಬುದೇ ಇಲ್ಲ.

ದೊರೆ ತಟ್ಟೆಯ ಮೇಲೆ ಬಗ್ಗಿ ಕೂಗಿದ. "ಏಳ್ತೀಯೋ ಇಲ್ಲೋ? ಊರೆಲ್ಲಾ ನಿಂತೈತಿ. ನೀ ಒಂದ ಯಾಕ ಕುಂತಿ?"

ಆ ಚಿಟಿಕೆ ಧೂಳು ಸಣ್ಣಗೆ ಮಾತಾಡಿತು. "ಏಳಾಕ ಆಗಂಗಿಲ್ರಿ. ಇದು ನನ್ನ ಮನಿ."

"ಊರಿನ ಧೂಳಿಗೆ ನನ್ನ ಮಗಳ ತಟ್ಟಿ ಹೆಂಗ ಮನಿ ಆಗ್ತೈತಿ?"

"ನಾ ಊರಿನ ಧೂಳಲ್ರಿ. ನೀವು ಮುಳ್ಳು ಇಟ್ಟಾಗೊಮ್ಮೆ ಅದು ತಟ್ಟಿ ಕೆರೀತೈತಿ. ಕೆರದದ್ದು ಉದರತೈತಿ. ನಾ ಎರಡನೇ ಸಾಲಿನ ಕಡೀ ಮಾತು ರೀ. ನಿನ್ನೆ ತಿಪ್ಪವ್ವ ಒರಿಸಿಕೊಂಡು ಹೋದ್ಲಲ್ಲ, ಅದು 'ತಡೀರಿ' ಅನ್ನೋ ಮಾತು."

ದೊರೆ ಬಾಗಿಲು ತೆರೆದ. ತಿಪ್ಪವ್ವನನ್ನು ಒಳಗೆ ಕರೆದ. "ಒರಿಸಿದ ಅರಿವಿ ಎಲ್ಲಿ ಝಾಡಿಸಿದಿ?"

"ಹಿತ್ತಲದಾಗ್ರಿ," ಎಂದಳು ತಿಪ್ಪವ್ವ. "ಗಾಳಿಗೆ."

ಮೂರು ವರ್ಷ. ದಿನಕ್ಕೆ ಏಳು ಸಲ. ದೊರೆ ಕೇಳಿ ಕೇಳಿ ಮಗಳನ್ನು ಉದುರಿಸಿದ್ದ. ತಿಪ್ಪವ್ವ ಒರೆಸಿ ಒರೆಸಿ ಗಾಳಿಗೆ ಕೊಟ್ಟಿದ್ದಳು. ಇಬ್ಬರಿಗೂ ಅವಳೆಂದರೆ ಜೀವ.

"ಇನ್ನ ಎಷ್ಟು ಉಳದೈತಿ?" ಎಂದ ದೊರೆ. ದನಿ ಅವನದೂ ಕೂತಿತ್ತು.

"ಒಂದ ಸಲ ಕೇಳೋವಷ್ಟು," ಎಂದಿತು ಧೂಳು. "ನೀವು ಕೇಳಿದ್ರ ಏನೂ ಕೇಳಸಂಗಿಲ್ರಿ. ತಟ್ಟಿ ಸವದಂಗ ನಿಮ್ಮ ಕಿವೀನೂ ಸವದಾವು. ಈ ತಟ್ಟಿ ಒಮ್ಮೆನೂ ಕೇಳದ ಕಿವಿ ಬೇಕು. ಹೊಸಾ ಕಿವಿ ಇದ್ರ ಎಲ್ಲಾ ಕೇಳತೈತಿ."

ಆ ಅರಮನೆಯಲ್ಲಿ ಅಂಥ ಕಿವಿ ಇದ್ದದ್ದು ಒಬ್ಬಳಿಗೆ. ಮೂರು ವರ್ಷ ತಟ್ಟೆ ಒರೆಸಿ, ಒರೆಸಿದ ಕೂಡಲೇ ಆಚೆ ಹೋದವಳಿಗೆ.

ದೊರೆ ಮೂಲೆಯಲ್ಲಿದ್ದ ಕುರ್ಚಿಯನ್ನು ಎಳೆದು ತಂದು ಗ್ರಾಮಫೋನಿನ ಮುಂದೆ ಇಟ್ಟ. "ತಿಪ್ಪವ್ವಾ, ಕುಂದ್ರು," ಎಂದ. ಆ ಊರಿನಲ್ಲಿ ಯಾರೂ ಯಾರಿಗೂ ಆ ಮಾತು ಹೇಳಿ ಎಷ್ಟು ದಿನವಾಗಿತ್ತೋ, ತಿಪ್ಪವ್ವನಿಗೆ ಮಂಡಿ ಮಡಚುವುದೇ ಮರೆತಿತ್ತು. ಹೇಗೋ ಕೂತಳು. ದೊರೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಎರಡೂ ಕಿವಿಗೆ ಬೆರಳು ಇಟ್ಟುಕೊಂಡ. ಬಾಗಿಲಾಚೆಯಿಂದ ಕೇಳಿದರೂ ಎಲ್ಲಿ ಸವೆದೀತೋ ಎಂಬ ಹೆದರಿಕೆ.

ಒಳಗೆ ತಿಪ್ಪವ್ವ ಮುಳ್ಳು ಇಟ್ಟಳು. ಹಾಡು ಮುಗಿದ ಕ್ಷಣವೇ ಮುಳ್ಳು ಎತ್ತಿಬಿಡುವುದು ದೊರೆಯ ಪದ್ಧತಿ, ತಟ್ಟೆ ದಣಿಯಬಾರದೆಂದು. ತಿಪ್ಪವ್ವನಿಗೆ ಅದೆಲ್ಲ ಏನು ಗೊತ್ತು? ಅವಳು ಎತ್ತಲಿಲ್ಲ. ಹಾಡಿನಾಚೆ, ತಟ್ಟೆಯ ನಡುವಿನಲ್ಲಿ, ಇನ್ನೂ ಎರಡು ಸುತ್ತು ಇತ್ತು. ಅಲ್ಲಿಗೆ ಮುಳ್ಳು ಯಾವತ್ತೂ ಹೋಗಿರಲಿಲ್ಲ. ಅದು ಒಂಚೂರೂ ಸವೆದಿರಲಿಲ್ಲ.

ತಿಪ್ಪವ್ವ ಹೊರಗೆ ಬಂದಾಗ ಸೆರಗು ಒದ್ದೆಯಾಗಿತ್ತು.

"ಹಾಡಿದ್ಲಾ?" ಎಂದ ದೊರೆ.

"ಹಾಡಿದಳ್ರಿ."

"ನಕ್ಕಳಾ?"

"ನಕ್ಕಳ್ರಿ. ಹಾಡು ಮುಗಿಸಿ ನನ್ನ ಕೇಳಿದ್ಲು. 'ತಿಪ್ಪವ್ವಾ, ಅಪ್ಪ ಪೂರಾ ಕೇಳಿದ್ರೇನ?' ಅಂದ್ಲು."

ದೊರೆಗೆ ನೆನಪಾಯಿತು. ಅವತ್ತು ಮಗಳು ಕೊಳವೆಯ ಮುಂದೆ ನಿಂತು ಮೂರನೆಯ ಸಾಲು ಹುಡುಕುತ್ತಿದ್ದಾಗ ದಿವಾನರು ಯಾವುದೋ ಕಾಗದ ತಂದಿದ್ದರು. ಇವನು ಎದ್ದುಹೋಗಿದ್ದ. ಆ ಕಾಗದದಲ್ಲಿ ಏನಿತ್ತೆಂಬುದು ಈಗ ಯಾರಿಗೂ ನೆನಪಿಲ್ಲ.

ದೊರೆ ಹೊಸ್ತಿಲ ಮೇಲೆ ಕುಸಿದು ಕೂತ. "ನೀ ಏನಂದಿ?"

"ಪೂರಾ ಕೇಳಿದ್ರವ್ವಾ ಅಂದೆ."

ದೊರೆ ಕೂತದ್ದನ್ನು ನೋಡಿ ನಿಂತಿದ್ದ ಧೂಳೆಲ್ಲ ಕೂತಿತು. ಧೂಳು ಕೂತದ್ದನ್ನು ನೋಡಿ ಊರು ಕೂತಿತು. ಕೂತು, ಎಲ್ಲರೂ ಅತ್ತರು.

ಅಂದಿನಿಂದ ದೊರೆ ದಿನಾ ತಿಪ್ಪವ್ವನಿಂದ ಆ ಹಾಡು ಹೇಳಿಸಿಕೊಂಡು ಕೇಳಿದ. ಹೇಳುವುದೂ ಕೆರೆಯುವುದೇ. ಅವಳ ತುಟಿಯಿಂದಲೂ ದಿನಾ ಒಂದು ಚಿಟಿಕೆ ಉದುರಿತು. ಒಂದು ದಿನ ಅವಳಿಗೂ ಸಾಲುಗಳು ಮರೆತವು. ಒಂದು ದಿನ ಅವಳೂ ಇಲ್ಲವಾದಳು.

ಈ ಕತೆಯಲ್ಲೂ ಮೊದಲು ಒಂದು ಆನೆ ಇತ್ತು. ಇಬ್ಬರು ರಾಣಿಯರಿದ್ದರು. ಚೆನ್ನಾಜಿ ಹಾಡಿದ ಹಾಡೂ ಪೂರ್ತಿಯಾಗಿ ಇತ್ತು. ನಾನೇ ಹೇಳಿ ಹೇಳಿ ಉದುರಿಸಿಬಿಟ್ಟೆ. ನೀತಿ ಬೇಕೇ ಬೇಕು ಎನ್ನುವವರಿಗೆ ಇಷ್ಟು ಹೇಳುತ್ತೇನೆ: ಗ್ರಾಮಫೋನು ಒರೆಸುವ ಮೊದಲು ಧೂಳನ್ನು ಒಮ್ಮೆ ಮಾತಾಡಿಸಿ. ಕತೆ ಇಷ್ಟೇ ಉಳಿದಿದೆ. ಏಳುವಾಗ ಮೆಲ್ಲಗೆ ಏಳಿ, ಬಟ್ಟೆ ಕೊಡವಬೇಡಿ.