ಎಡಗಡೆಯ ಬಾಗಿಲು

ಹೊಳೆಯ ದಂಡೆಯಲ್ಲಿ ಮರುಳಯ್ಯನವರ ಮಠ. ಅಲ್ಲಿ ಒಂಬತ್ತು ವರ್ಷದಿಂದ ಅಡುಗೆ ಮಾಡಿಕೊಂಡಿದ್ದ ಶಿಷ್ಯ ಹಾಲೇಶ ದೀಕ್ಷೆ ಕೇಳುತ್ತಲೇ ಇದ್ದ. ಗುರುಗಳು ಕೊಡುತ್ತಲೇ ಇರಲಿಲ್ಲ.

"ಊರಲ್ಲಿ ನಿಂದು ಏನೋ ಉಳಿದೈತೆ ಕಣಪ್ಪ," ಎನ್ನುತ್ತಿದ್ದರು. "ಅದನ್ನ ಮುಗಿಸ್ಕೊಂಡು ಬಾ."

ಏನು ಉಳಿದಿದೆ ಎಂದು ಹಾಲೇಶ ತಲೆ ಕೆಡಿಸಿಕೊಂಡ. ಕೊನೆಗೆ ಅವನಿಗೆ ಹೊಳೆದದ್ದು ಅಪ್ಪನ ಹಳೆಯ ಅಂಬಾಸಿಡರ್ ಕಾರು.

ಆ ಕಾರನ್ನು ಬೇವಿನ ಮರಕ್ಕೆ ಗುದ್ದಿದವನು ಹಾಲೇಶನೇ. ಪಕ್ಕದಲ್ಲಿ ಕೂತಿದ್ದ ತಮ್ಮ ಕೊಟ್ರೇಶನ ಒಂದು ಕಾಲು ಹೋಯಿತು. ಹಾಲೇಶನಿಗೆ ಒಂದು ತರಚುಗಾಯವೂ ಆಗಲಿಲ್ಲ. ತಮ್ಮ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಅವನು ಮಠ ಸೇರಿದ್ದ. ಗುರುಗಳಿಗೆ ಇಷ್ಟನ್ನು ಮಾತ್ರ ಹೇಳಿದ್ದ. ಆಮೇಲೆ ಊರ ಕಡೆ ತಲೆ ಹಾಕಿರಲಿಲ್ಲ.

ಈಗಲೂ ಹಾಕಲಿಲ್ಲ. ಯಾರಿಗೋ ಹೇಳಿ, ಹಿತ್ತಲಲ್ಲಿ ಬಿದ್ದಿದ್ದ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ತರಿಸಿದ.

ಕಾರು ಮಠದ ಹುಣಸೆ ಮರದ ಕೆಳಗೆ ಬಂದು ನಿಂತಿತು. ಬಾನೆಟ್ಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಹಾಲೇಶ ನೂರು ಹಾಳೆಯ ನೋಟ್‌ಬುಕ್ ಹಿಡಿದು ಅದರ ಸುತ್ತ ಸುತ್ತಿದ. ಕಾರಿನ ಕೆಳಗೆ ನುಗ್ಗಿ ನೋಡಿದ, ಬರೆದುಕೊಂಡ, ಹೊಡೆದುಹಾಕಿ ಮತ್ತೆ ಬರೆದ. ಹದಿನೈದು ದಿನ ಸಾರಿಗೆ ಉಪ್ಪು ಹಾಕುವುದೂ ಮರೆತುಹೋಯಿತು. ಮಠದವರು ಗೊಣಗಿದರು. ಗುರುಗಳು ಸಪ್ಪೆ ಸಾರನ್ನೇ ಸುರಿದುಕೊಂಡು ಉಂಡರು.

ಹದಿನಾರನೆಯ ದಿನ ಹಾಲೇಶ ನೋಟ್‌ಬುಕ್ಕನ್ನು ಗುರುಗಳ ಮುಂದಿಟ್ಟ.

"ಓದು," ಎಂದರು ಗುರುಗಳು.

"ಮೊದಲು ಎಂಜಿನ್ ಇಳಿಸೋದು ಬುದ್ಧಿ. ಆಮೇಲೆ ಬ್ರೇಕು. ಮುಂದಿನ ಮಡ್‌ಗಾರ್ಡು ಗುಜರಿಯಲ್ಲಿ ಹುಡುಕ್ಬೇಕು, ಸಿಗದಿದ್ರೆ ಇದನ್ನೇ ಬಡಿದು ನೆಟ್ಟಗೆ ಮಾಡೋದು. ಸೀಟಿಗೆ ಕೆಂಪು ರೆಕ್ಸಿನ್. ಕೊನೆಗೆ ಬಣ್ಣ."

"ಯಾವ ಬಣ್ಣ?"

"ಕೆನೆ ಬಣ್ಣ. ಅಪ್ಪ ಹೊಡೆಸಿದ್ದು ಅದೇ."

"ಎಲ್ಲಾ ಆದ್ಮೇಲೆ ಹೆಂಗೆ ಕಾಣ್ಬೇಕು?"

ಇದಕ್ಕೆ ಹಾಲೇಶ ಯೋಚಿಸಬೇಕಾಗಿರಲಿಲ್ಲ. "ಆ ದಿನದ ಹಿಂದಿನ ದಿನ ಹೆಂಗಿತ್ತೋ ಹಂಗೆ. ಒಂದು ಗೀರೂ ಇರಬಾರ್ದು. ಗುದ್ದಿತ್ತು ಅಂತ ಯಾರಿಗೂ ಗೊತ್ತಾಗಬಾರ್ದು."

"ಆಮೇಲೆ?"

"ಆಮೇಲೆ ನೀವು ದೀಕ್ಷೆ ಕೊಡಬೇಕು."

"ಪಟ್ಟಿ ಚೆನ್ನಾಗೈತೆ," ಎಂದರು ಗುರುಗಳು.

ಹಾಲೇಶ ಹಿಗ್ಗಿದ. ಒಂಬತ್ತು ವರ್ಷದಲ್ಲಿ ಅವರು ಅವನನ್ನು ಹೊಗಳಿದ್ದು ಅದೇ ಮೊದಲು.

ಗುರುಗಳು ಎದ್ದು ಕಾರಿನ ಬಳಿಗೆ ಹೋದರು. ಬಲಗಡೆಯ ಬಾಗಿಲು ತೆಗೆದು ಹತ್ತಿದರು. ಮುಂದಿನದು ಒಂದೇ ಉದ್ದನೆಯ ಸೀಟು. ಸ್ಟೇರಿಂಗಿನ ಕೆಳಗೆ ನುಸುಳಿ, ಸರಿಯುತ್ತ ಸರಿಯುತ್ತ ಎಡಗಡೆಯ ತುದಿಗೆ ಹೋಗಿ ಕೂತರು.

ಅದು ಕೊಟ್ರೇಶ ಕೂತಿದ್ದ ಜಾಗ. ಹಾಲೇಶ ಹೊರಗೇ ನಿಂತ.

ಮಧ್ಯಾಹ್ನವಾಯಿತು. ಊಟದ ಗಂಟೆಯೂ ಆಯಿತು. ಗುರುಗಳು ಇಳಿಯಲಿಲ್ಲ.

"ಬುದ್ಧಿ, ಊಟಕ್ಕೆ ಹೊತ್ತಾಯ್ತು."

"ಬಾಗಿಲು ತೆಗಿ, ಇಳೀತೀನಿ."

"ಆ ಬಾಗಿಲು ತೆಗೆಯಕ್ಕೆ ಬರಲ್ಲ. ಅವತ್ತು ಒಳಕ್ಕೆ ನುಗ್ಗಿ ಕಚ್ಕೊಂಡುಬಿಟ್ಟೈತೆ. ಈ ಕಡೆಯಿಂದ ಬನ್ನಿ."

ಗುರುಗಳು ಅಲುಗಲಿಲ್ಲ. "ಇಲ್ಲಿ ಕೂತಿದ್ದೋನು ಅವತ್ತು ಹೆಂಗೆ ಇಳಿದ?"



"ಗೊತ್ತಿಲ್ಲ ಬುದ್ಧಿ. ಜನ ಕರೆಯಕ್ಕೆ ಅಂತ ನಾನು ಇಳಿದು ಓಡಿದೆ."

"ಕರೆದ್ಯಾ?"

"ಕರೆದೆ. ಅವರನ್ನ ಕಳಿಸಿದೆ. ನಾನು ತಿರುಗಿ ಹೋಗಲಿಲ್ಲ."

ಈ ಮಾತನ್ನು ಅವನು ಇದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಮುಂದೆ ಗುರುಗಳು ಏನು ಕೇಳುತ್ತಾರೋ ಎಂದು ಭಯವಾಯಿತು.

ಒಡೆದ ಕಿಟಕಿಯಿಂದ ಗುರುಗಳು ಕೈ ಚಾಚಿದರು. ಹಾಲೇಶ ನೋಟ್‌ಬುಕ್ ಕೊಟ್ಟ.

"ಇದರಲ್ಲಿ ಈ ಬಾಗಿಲು ಎಷ್ಟನೇದು?"

"ನಲವತ್ತೊಂದನೇದು."

"ಕೊಟ್ರೇಶ?"

"ಅವನು ಇದರಲ್ಲಿ ಇಲ್ಲ ಬುದ್ಧಿ. ನನ್ನ ಮುಖ ನೋಡಕ್ಕೂ ಅವನಿಗೆ ಮನಸ್ಸಿರಲ್ಲ."

"ಅವನು ಹಂಗಂದನಾ?"

"ಇಲ್ಲ."

"ಮತ್ತೆ?"

 ಅಡುಗೆಮನೆಯ ಕಡೆಯಿಂದ ಯಾರೋ ಹಾಲೇಶನ ಹೆಸರು ಹಿಡಿದು ಕೂಗಿದರು. ಅವನು ಓಗೊಡಲಿಲ್ಲ.

ಗುರುಗಳು ನೋಟ್‌ಬುಕ್ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಸೀಟಿಗೆ ಬೆನ್ನು ಆನಿಸಿ ಆರಾಮಾಗಿ ಕೂತರು.

"ಊರಿಗೆ ಹೋಗಿ ಅವನನ್ನೇ ಕೇಳ್ಕೊಂಡು ಬಾ, ಇಲ್ಲಿಂದ ಹೆಂಗೆ ಇಳಿದೆ ಅಂತ. ಅಲ್ಲೀವರೆಗೂ ನಾನು ಇಲ್ಲೇ ಕೂತಿರ್ತೀನಿ."