ದೈತ್ಯ ದೇವರ ನೈವೇದ್ಯ

1961ರ ಆಗಸ್ಟ್ 17ರ ನನ್ನ ಡೈರಿಯಲ್ಲಿ ಹೀಗಿದೆ: ‘ಇಂದು ಕಾಲೇಜಿನಲ್ಲಿ ಗ್ರೀಕರ ಹಳೆಯ ದೇವರುಗಳ ಪಾಠ. ಹೆತ್ತ ಮಕ್ಕಳನ್ನೇ ನುಂಗಿದ ಕ್ರೋನಸ್ ಎಂಬ ದೈತ್ಯನ ಕತೆ. ಮನೆಗೆ ಬಂದು ಹೇಳಿದರೆ ಸೋದರತ್ತೆ ಬಿದ್ದು ಬಿದ್ದು ನಕ್ಕರು. ಆ ದೇವರು ನಮ್ಮ ಕಡೆಗೂ ಬಂದಿದ್ದನಂತೆ!’

ಅತ್ತೆ ಹೇಳಿದ್ದನ್ನು ಹಾಗೆಯೇ ಬರೆದಿಟ್ಟಿದ್ದೇನೆ.

ಕೆಂಚನಕೋಟೆಯ ದೊರೆ ಸರ್ಜಪ್ಪ ನಾಯಕನ ಆಸ್ಥಾನಕ್ಕೆ ಗ್ರೀಕರ ನಾಡಿನಿಂದ ಲೈಕಸ್ ಎಂಬ ಯವನ ಶಿಲ್ಪಿ ಬಂದ. ಊರವರ ಬಾಯಲ್ಲಿ ಎರಡೇ ದಿನಕ್ಕೆ ಲೈಕಪ್ಪನಾದ.

“ನಿಮ್ಮ ದೇವರುಗಳು ನಿನ್ನೆ ಮೊನ್ನೆಯವರು” ಎಂದ ಲೈಕಪ್ಪ, ಮೀಸೆ ತಿರುವಿ. “ನಮ್ಮ ಕ್ರೋನಸ್ ದೇವರುಗಳಿಗೇ ಅಪ್ಪ. ನಿಂತರೆ ಮೋಡ ಮಂಡಿಗೆ ತಾಗುತ್ತದೆ. ನಾನೂ ಅದೇ ದೈತ್ಯರ ಕುಲದವನು!”

ದೊರೆಯ ಕಣ್ಣು ಅರಳಿತು. “ಹಾಗಾದರೆ ತಾಳೆಮರದೆತ್ತರದ ಮೂರ್ತಿ ಕಡೆಯಿರಿ. ನೆರೆಯ ದೊರೆ ನೋಡಿ ಹೊಟ್ಟೆ ಉರಿದುಕೊಳ್ಳಬೇಕು.”

ಲೈಕಪ್ಪ ಜಾಗ ಅಳೆದ. ದೈತ್ಯನ ಬಲಗಾಲು ಸರಿಯಾಗಿ ಊರಿನ ಒಂದೇ ಒಂದು ಸಿಹಿನೀರಿನ ಬಾವಿಯ ಮೇಲೆ ಬಂತು.

“ಬಾವಿ ಮುಚ್ಚಿಸಿ” ಎಂದ ದೊರೆ.

ಕೊಡ ಹೊತ್ತ ದ್ಯಾವಮ್ಮ ನೇರ ವಿದೂಷಕ ಮರುಳಯ್ಯನ ಜಗಲಿಗೆ ಬಂದಳು. “ಏನಣ್ಣಾ, ಅಷ್ಟು ದೊಡ್ಡ ದೇವರಿಗೆ ಕಾಲಿಡೋಕೆ ನಮ್ಮ ಬಾವೀನೇ ಬೇಕಿತ್ತಾ? ನಾಳೆಯಿಂದ ಮಕ್ಕಳಿಗೆ ಏನು ಕುಡಿಸಲಿ?”

“ಕೊಡ ತೊಳೆದಿಟ್ಟಿರು ತಂಗಿ” ಎಂದು ಮರುಳಯ್ಯ ರುಮಾಲು ಸುತ್ತಿಕೊಂಡು ಹೊರಟ.

ಆಸ್ಥಾನದಲ್ಲಿ ಕೈಮುಗಿದ. “ಪ್ರಭು, ದೇವರು ಬಂದ ಮೇಲೆ ನೈವೇದ್ಯ ಆಗಬೇಕಲ್ಲ. ಗಣಪನಿಗೆ ಕಡುಬು, ನಾಗಪ್ಪನಿಗೆ ಹಾಲು. ಲೈಕಪ್ಪನವರೇ, ನಿಮ್ಮ ದೇವರಿಗೆ ಏನಿಷ್ಟ?”

“ಅವನೇನು ಸಾಮಾನ್ಯನೇ? ಹುಟ್ಟಿದ ಮಕ್ಕಳನ್ನೆಲ್ಲ ಗುಳುಂ ಗುಳುಂ ಎಂದು ನುಂಗಿದವನು!”

ಮರುಳಯ್ಯ ದೊರೆಯತ್ತ ತಿರುಗಿದ. “ಯುವರಾಜರಿಗೆ ಎಣ್ಣೆಸ್ನಾನ ಮಾಡಿಸಲೇ ಪ್ರಭು?”

ದೊರೆ ಸಿಂಹಾಸನದಿಂದ ಒಂದು ಮೊಳ ಮೇಲಕ್ಕೆ ಹಾರಿದ. “ಲೈಕಪ್ಪಾ!”

“ಇಲ್ಲ ಇಲ್ಲ!” ಲೈಕಪ್ಪ ಬೆವರಿದ. “ಕೊನೆಯ ಮಗುವಿನ ಬದಲು ಅದರ ತಾಯಿ ಬಟ್ಟೆ ಸುತ್ತಿದ ಕಲ್ಲು ಕೊಟ್ಟಳು. ಅದನ್ನೂ ನುಂಗಿದ. ವ್ಯತ್ಯಾಸವೇ ಗೊತ್ತಾಗಲಿಲ್ಲ!”

“ಅಬ್ಬ, ಕಲ್ಲೇ ಆಗಲಿ” ಎಂದ ದೊರೆ. “ನಮ್ಮಲ್ಲಿ ಬೇರೇನಿದೆ?”

ಸೋಮವಾರ ಬಾವಿಯ ಪಕ್ಕದಲ್ಲೇ ಭೂಮಿಪೂಜೆ. ಮಣ್ಣಿನ ಪುಟ್ಟ ಕ್ರೋನಸ್‌ನ ಮುಂದೆ ರೇಷ್ಮೆ ಸುತ್ತಿದ ಗುಂಡುಕಲ್ಲು. ಗಂಟೆ ಮೊಳಗಿತು, ಮಂಗಳಾರತಿ ಆಯಿತು. ಮರುಳಯ್ಯ ದೊರೆಯ ಮುಂದೆ ಬಾಳೆಲೆ ಹಾಸಿ, ನೀರು ಚಿಮುಕಿಸಿ, ಕಲ್ಲನ್ನು ಬಡಿಸಿದ.

“ಇದೇನಯ್ಯಾ?”

“ಪ್ರಸಾದ ಪ್ರಭು. ಮೊದಲ ತುತ್ತು ದೊರೆಯದು. ಪ್ರಸಾದ ಬೇಡವೆಂದವನಿಗೆ ಈ ಊರಲ್ಲಿ ಜಾಗವಿಲ್ಲ ಅಂತ ತಮ್ಮದೇ ಅಪ್ಪಣೆ.”

ದೊರೆ ಕಲ್ಲನ್ನು ನೋಡಿದ. ಕಲ್ಲು ದೊರೆಯನ್ನು ನೋಡಿತು. ದೊರೆ ಮೆಲ್ಲಗೆ ಎಲೆಯನ್ನು ಪಕ್ಕದಲ್ಲಿದ್ದ ಲೈಕಪ್ಪನತ್ತ ಸರಿಸಿ ಹೇಳಿದ, “ಅತಿಥಿಗಳು ಮೊದಲು. ದೈತ್ಯರ ಕುಲದವರಲ್ಲವೇ?”

ಊರೆಲ್ಲ ನೋಡುತ್ತಿತ್ತು. ಲೈಕಪ್ಪ ಎದೆಯುಬ್ಬಿಸಿ, ಕಣ್ಣುಮುಚ್ಚಿ ಕಚ್ಚಿದ. ಕಟಕ್!

“ಅಯ್ಯೋ ಪಾಪ, ಸ್ವಲ್ಪ ಬೆಂದಿಲ್ಲವೇನೋ” ಎಂದಳು ದ್ಯಾವಮ್ಮ.

ದೊರೆ ಮರುಳಯ್ಯನ ಕಿವಿಯಲ್ಲಿ ಕೇಳಿದ, “ಈ ಪ್ರಸಾದ ವರ್ಷಕ್ಕೊಮ್ಮೆ ತಾನೇ?”

“ಎಲ್ಲಾದರೂ ಉಂಟೇ ಪ್ರಭು! ದಿನಕ್ಕೆ ಮೂರು ಹೊತ್ತು. ಹಬ್ಬದ ದಿನ ಎರಡನೇ ಸಲವೂ ಬಡಿಸುತ್ತೇವೆ.”

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಸಾಕಯ್ಯಾ ಸಾಕು! ಆ ದೈತ್ಯ ಬೇರೆ ಊರಿನಲ್ಲಿ ಉಣ್ಣಲಿ. ಬಾವಿ ಇದ್ದಲ್ಲೇ ಇರಲಿ. ನಿನಗೇನು ಬೇಕು ಕೇಳು.”

“ಒಂದು ಚೊಂಬು ನೀರು ಪ್ರಭು. ಲೈಕಪ್ಪನವರು ಬಾಯಿ ಮುಕ್ಕಳಿಸಬೇಕು.”

ಕೆಂಚನಕೋಟೆಗೆ ಆ ದೇವರಿಂದ ಆದ ಒಟ್ಟು ಖರ್ಚು: ರೇಷ್ಮೆಯ ತುಂಡು, ಒಂದು ಬಾಳೆಲೆ. ಲೈಕಪ್ಪನಿಗೆ ಒಂದು ಹಲ್ಲು, ಮುಂದಿನದು. ಕಲ್ಲಿಗೆ ಏನೂ ಆಗಲಿಲ್ಲ.