ಮೂರು ಕೋಣೆಗೆ ಒಂದು ಪ್ರೊಜೆಕ್ಟರ್

ಹೆಡ್‌ಮಿಸ್ಟ್ರೆಸ್ ಚೆನ್ನಬಸಮ್ಮ ಅಂಗಡಿಗೆ ಕಾಲಿಟ್ಟದ್ದೇ ತಡ, ದೊಡ್ಡ ಪ್ರೊಜೆಕ್ಟರೂ ಚಿಕ್ಕ ಪ್ರೊಜೆಕ್ಟರೂ ಸಡಗರದಿಂದ ಒಟ್ಟಿಗೇ ಬೆಳಗಿದವು.

"ಮೂರು ಕೋಣೆಯ ಶಾಲೆಗೆ ನಿಮ್ಮಲ್ಲಿ ಒಬ್ಬರು ಬೇಕು," ಎಂದು ಆಕೆ ಕಿಟಕಿಯ ಪರದೆ ಸರಿಸಿದರು. ಬಿಸಿಲಿಗೆ ಚಿಕ್ಕದರ ಚಿತ್ರ ಮಾಸಿಹೋಯಿತು.

"ನನ್ನ ಚಿತ್ರ ಬಿಸಿಲಿಗೂ ಜಗ್ಗಿಲ್ಲ, ನೋಡಿ," ಎಂದು ದೊಡ್ಡದು ಬೀಗಿತು. "ನನ್ನನ್ನು ಒಂದು ಕೋಣೆಯ ಸೂರಿಗೆ ಬಿಗಿಸಿ. ಮಕ್ಕಳೆಲ್ಲ ಅಲ್ಲಿಗೇ ಬರಲಿ."

"ಒಂದು ಕೋಣೆಯಲ್ಲಿ ಅಷ್ಟು ಮಕ್ಕಳು ಹಿಡಿಯುವುದಿಲ್ಲ," ಎಂದರು ಚೆನ್ನಬಸಮ್ಮ.

"ನಾನು ಕೈಚೀಲದಲ್ಲಿ ಕೂತು ಮೂರೂ ಕೋಣೆಗೆ ಬರುತ್ತೇನೆ, ಮೇಡಂ," ಎಂದಿತು ಚಿಕ್ಕದು. "ಆದರೆ ನನಗೆ ಕತ್ತಲೆ ಬೇಕು."

ಚೆನ್ನಬಸಮ್ಮ ಅದನ್ನೆತ್ತಿ ಚೀಲಕ್ಕೆ ಹಾಕಿಕೊಂಡು ದೊಡ್ಡದರತ್ತ ತಿರುಗಿದರು.

"ಬಿಸಿಯೂಟದ ಖಾಲಿ ಅಕ್ಕಿ ಚೀಲ ಹೊಲಿದು ಇದಕ್ಕಾಗಿ ಕಿಟಕಿಗಳಿಗೆ ಪರದೆ ಕಟ್ಟುತ್ತೇನೆ. ನಿನಗೆ ಕಾಲು ಹೊಲಿಯಲು ನನಗೆ ಬರುವುದಿಲ್ಲ."